ತೈವಾನಿಗೆ ಹಕ್ಕಿ ನೋಡೋಕೆ ಹೋಗೋರಿಗೆ, ಕರ್ಕೊಂಡು ಹೋಗೋರಿಗೆ ಒಂದು ಮಾತು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣೀಲಿ ರಜೆಗೆ ಹೋಗೋಕೆ ಅಂತ ಒಂದಷ್ಟು ದ್ವೀಪಗಳ ಪಟ್ಟಿ ಹಾಕಿದ್ರಲ್ಲ, ಬಾಲಿ, ಫುಕೆಟ್, ಮಾಲ್ಡೀವ್ಸ್, ಅಂಡಮಾನ್, ಎಲ್ಲದಕ್ಕೂ ಅದೇ ನೀಲಿ ನೀರು, ಅದೇ ಬಾಗಿದ ತೆಂಗಿನ ಮರ, ಅದನ್ನ ಓದಿ ಈ ಕಾಗದ ಬರೀತಿದೀನಿ. ಕೊನೇಲಿ ಒಂದೇ ಒಂದು ಸಾಲಲ್ಲಿ ತೈವಾನ್ ಬಂತು, ಅದೂ ನೈಟ್ ಮಾರ್ಕೆಟ್ಟು, ಶಾಪಿಂಗು ಅಂತ. ನೈಟ್ ಮಾರ್ಕೆಟ್ ಚೆನ್ನಾಗೇ ಇರುತ್ತೆ, ಬೇಡ ಅನ್ನಲ್ಲ. ಆದ್ರೆ ಆ ದ್ವೀಪಕ್ಕೆ ಎಲ್ಲೆಲ್ಲಿಂದಲೋ ಜನ ಬರೀ ಹಕ್ಕಿ ನೋಡೋಕೆ ಅಂತ ರಜೆ ಹಾಕಿ ಬರ್ತಾರೆ, ಈಗೀಗ ನಮ್ಮ ಕಡೆಯಿಂದಲೂ ದೊಡ್ಡ ದೊಡ್ಡ ಲೆನ್ಸ್ ಹೊತ್ಕೊಂಡು ಹೋಗೋರು ಶುರುವಾಗಿದಾರೆ, ಅವರ ಬಗ್ಗೆ, ಅವರನ್ನ ಕರ್ಕೊಂಡು ಹೋಗೋ ಟೂರಿನವರ ಬಗ್ಗೆ ನನಗೊಂದು ತಕರಾರಿದೆ, ಅದನ್ನ ನಿಮ್ಮ ಓದುಗರ ಮುಂದೆ ಇಡೋಣ ಅಂತ.

ನಾನು ಮದ್ದೂರಿನವಳು, ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡಿ ರಿಟೈರ್ ಆದವಳು. ಮಗಳು ಅಳಿಯ ತೈವಾನಿನ ಶಿಂಚು ಅನ್ನೋ ಊರಲ್ಲಿದಾರೆ, ಚಿಪ್ ಕಂಪನಿಗಳ ಊರು ಅದು, ಕನ್ನಡ ಮಾತಾಡೋ ಇಂಜಿನಿಯರ್‌ಗಳೂ ಅಲ್ಲಿ ಸಿಗ್ತಾರೆ. ಅವರ ಮನೆಗೆ ಹೋದಾಗೆಲ್ಲ ಅವರು ಆಫೀಸಿಗೆ ಹೋದ ಮೇಲೆ ನಾನು ಬೈನಾಕ್ಯುಲರ್ ನೇತಾಕ್ಕೊಂಡು ಹೊರಡ್ತೀನಿ, ಶನಿವಾರ ಭಾನುವಾರ ಅವರೂ ಬರ್ತಾರೆ, ಅಳಿಯಂಗೆ ಹಕ್ಕಿ ಮೇಲೆ ಅಂಥಾ ಪ್ರೀತಿ ಏನಿಲ್ಲ ಆದ್ರೆ ಡ್ರೈವಿಂಗ್ ಇಷ್ಟ, ಹಾಗಾಗಿ ಇಬ್ಬರಿಗೂ ಅನುಕೂಲ.

ಮೊದ್ಲು ಭೂಗೋಳ ಸ್ವಲ್ಪ ಹೇಳ್ಬಿಡ್ತೀನಿ, ಟೀಚರ್ ಚಾಳಿ ಹೋಗಲ್ಲ. ತೈವಾನ್ ಸುಮಾರು 36,000 ಚದರ ಕಿಲೋಮೀಟರ್, ಅಂದ್ರೆ ಕೇರಳಕ್ಕಿಂತ ಒಂಚೂರು ಚಿಕ್ಕದು. ಕರ್ಕಾಟಕ ಸಂಕ್ರಾಂತಿ ವೃತ್ತ ದ್ವೀಪದ ಹೆಚ್ಚುಕಮ್ಮಿ ಮಧ್ಯದಲ್ಲೇ, ಚಿಯಾಯಿ ಅನ್ನೋ ಊರಿನ ಹತ್ರ ಹಾದುಹೋಗುತ್ತೆ, ಅಲ್ಲೊಂದು ಸ್ಮಾರಕಾನೂ ಕಟ್ಟಿದಾರೆ. ಉತ್ತರದಲ್ಲಿ ಉಪೋಷ್ಣ ಹವೆ, ಚಳಿಗಾಲದಲ್ಲಿ ಜಿಟಿಜಿಟಿ ಮಳೆ, ದಕ್ಷಿಣದ ತುದೀಲಿ ನಮ್ಮ ಮಂಗಳೂರಿನ ಸೆಕೆ. ಇಷ್ಟು ಸಣ್ಣ ಜಾಗದಲ್ಲಿ 3,000 ಮೀಟರ್ ದಾಟಿದ ಶಿಖರಗಳು ಇನ್ನೂರಕ್ಕೂ ಹೆಚ್ಚಿವೆ, ಎಲ್ಲದಕ್ಕಿಂತ ಎತ್ತರದ್ದು ಯೂಶಾನ್, 3,952 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟು. ಬೆಳಿಗ್ಗೆ ಸಮುದ್ರದ ದಡದ ಕೆಸರಲ್ಲಿ ನಿಂತವರು ಮಧ್ಯಾಹ್ನಕ್ಕೆ ಫರ್ ಮರಗಳ ಮಧ್ಯೆ ಸ್ವೆಟರ್ ಹಾಕ್ಕೊಂಡು ನಿಂತಿರಬಹುದು. ಹಿಮಯುಗದಲ್ಲಿ ಸಮುದ್ರ ಇಳಿದಾಗ ಚೀನಾದ ಕಡೆಯಿಂದ ನಡ್ಕೊಂಡು ಹಾರ್ಕೊಂಡು ಬಂದ ಪ್ರಾಣಿಪಕ್ಷಿಗಳು ನೀರು ಏರಿದ ಮೇಲೆ ಇಲ್ಲೇ ಉಳ್ಕೊಂಡ್ವು, ಬೆಟ್ಟ ಹತ್ತಿದ್ವು, ಲಕ್ಷಾಂತರ ವರ್ಷದಲ್ಲಿ ಬೇರೆಯದೇ ಜಾತಿ ಆದ್ವು. ಒಟ್ಟು ಆರುನೂರಕ್ಕೂ ಹೆಚ್ಚು ಜಾತಿ ಹಕ್ಕಿ ಅಲ್ಲಿ ದಾಖಲಾಗಿವೆ, ಅದ್ರಲ್ಲಿ ಸುಮಾರು ಮೂವತ್ತು ಜಾತಿ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಸರಿಯಾದ ಲೆಕ್ಕ ಯಾವ ಪಕ್ಷಿತಜ್ಞರನ್ನ ಕೇಳ್ತೀರ ಅನ್ನೋದರ ಮೇಲೆ, ಒಬ್ಬರು ಜಾತಿ ಅಂದಿದ್ದನ್ನ ಇನ್ನೊಬ್ಬರು ಉಪಜಾತಿ ಅಂತಾರೆ, ಆ ಜಗಳ ಮುಗಿಯೋದಲ್ಲ.

ತೈಪೆ ಊರೊಳಗೇ ಶುರು ಮಾಡಬಹುದು, ಬೆಟ್ಟಕ್ಕೇ ಹೋಗ್ಬೇಕು ಅಂತಿಲ್ಲ. ಬೊಟಾನಿಕಲ್ ಗಾರ್ಡನ್ನಲ್ಲಿ, ದಾಆನ್ ಪಾರ್ಕಲ್ಲಿ ಮಲಯನ್ ನೈಟ್ ಹೆರಾನ್ ಅನ್ನೋ ಕಂದು ಬಣ್ಣದ ಬಕ ಹುಲ್ಲಿನ ಮೇಲೆ ಆರಾಮಾಗಿ ಓಡಾಡ್ತಾ ಎರೆಹುಳ ಎಳೀತಿರುತ್ತೆ, ಪಕ್ಕದಲ್ಲೇ ಅಜ್ಜಿಯರು ಕೈಕಾಲು ಆಡಿಸ್ತಾ ಎಕ್ಸರ್‌ಸೈಜ್ ಮಾಡ್ತಿರ್ತಾರೆ, ಇವರು ಅದನ್ನ ನೋಡಲ್ಲ ಅದು ಇವರನ್ನ ನೋಡಲ್ಲ. ನಮ್ಮ ಪಶ್ಚಿಮ ಘಟ್ಟದಲ್ಲೂ ಇದೇ ಹಕ್ಕಿ ಇದೆ ಸಾರ್, ಆದ್ರೆ ಇಲ್ಲಿ ಒಂದು ಕಾಣಿಸ್ತು ಅಂದ್ರೆ ವಾಟ್ಸಾಪ್ ಗ್ರೂಪಲ್ಲಿ ದೊಡ್ಡ ಸುದ್ದಿ, ಕೊಡಗಿನ ತೋಟ, ಕಾಡಿನ ಹಳ್ಳ ಅಂತ ವರ್ಷಗಟ್ಟಲೆ ಹುಡುಕಿದವರಿಗೂ ಸಿಕ್ಕಿರಲ್ಲ. ತೈಪೆಯಲ್ಲಿ ಅದನ್ನ ಯಾರೂ ಹೊಡೆಯಲ್ಲ ಓಡಿಸಲ್ಲ, ಪಾರ್ಕಲ್ಲಿ ಎರೆಹುಳ ಬೇಕಾದಷ್ಟು ಸಿಗುತ್ತೆ, ಅದಕ್ಕೆ ಹೆದರಿಕೆನೇ ಬಿಟ್ಟುಹೋಗಿದೆ ಅಂತ ನನ್ನ ಲೆಕ್ಕಾಚಾರ. ಅದೇ ಪಾರ್ಕ್‌ಗಳಲ್ಲಿ ತೈವಾನ್ ಬಾರ್ಬೆಟ್ ಅಂತ ನಮ್ಮ ಕುಟ್ರುಹಕ್ಕಿಯ ಸಂಬಂಧಿ, ಹಸಿರು ಮೈಗೆ ತಲೆ ಮೇಲೆ ನೀಲಿ ಹಳದಿ ಕೆಂಪು ಬಳ್ಕೊಂಡಿರುತ್ತೆ, ಒಣ ಕೊಂಬೇಲಿ ತೂತು ಕೊರೆದು ಗೂಡು ಮಾಡುತ್ತೆ, ಇದು ಆ ದ್ವೀಪ ಬಿಟ್ರೆ ಬೇರೆಲ್ಲೂ ಇಲ್ಲ. ಊರಾಚೆ ಯಾಂಗ್‌ಮಿಂಗ್‌ಶಾನ್ ಬೆಟ್ಟದ ಕಡೆ ಹೋದ್ರೆ ನೀಲಿ ಮ್ಯಾಗ್‌ಪೈ, ಕೆಂಪು ಕೊಕ್ಕು, ಮಾರುದ್ದ ಬಾಲ, ಇಡೀ ಸಂಸಾರ ಸಾಲಾಗಿ ಒಂದು ಮರದಿಂದ ಇನ್ನೊಂದು ಮರಕ್ಕೆ ಹಾರೋದು. ಇವುಗಳಲ್ಲಿ ಹಿಂದಿನ ಸಲದ ಮರಿಗಳು ಅಪ್ಪ ಅಮ್ಮನ ಜೊತೇನೇ ಇದ್ದು ತಮ್ಮ ತಂಗೀರಿಗೆ ಗುಟುಕು ಕೊಡೋಕೆ ಸಹಾಯ ಮಾಡ್ತವೆ. ಗೂಡಿನ ಹತ್ರ ಹೋದವರ ತಲೆಗೆ ಕುಕ್ಕೋದೂ ಉಂಟು.

ಇನ್ನು ಬೆಟ್ಟ. ಟೂರಿನವರ ಪಟ್ಟೀಲಿ ಮೊದಲು ಬರೋದು ತೈಚುಂಗ್ ಕಡೆಯ ದಾಶುಯೆಶಾನ್ ಅನ್ನೋ ಅರಣ್ಯ ರಸ್ತೆ. ಹಿಂದೆ ಮರ ಕಡಿದು ಸಾಗಿಸೋಕೆ ಅಂತ ಮಾಡಿದ ರಸ್ತೆ, ಈಗ ಹಕ್ಕಿ ನೋಡೋರ ರಸ್ತೆ. 23ನೇ ಕಿಲೋಮೀಟರ್ ಕಲ್ಲಿನ ಹತ್ರ ಸ್ವಿನ್‌ಹೋ ಫೆಸೆಂಟು, 47ನೇ ಕಿಲೋಮೀಟರ್ ಹತ್ರ ಮಿಕಾಡೋ ಫೆಸೆಂಟು, ಇಷ್ಟು ಕರಾರುವಾಕ್ಕಾಗಿ ಹೇಳ್ತಾರೆ. ಎರಡೂ ಕಾಡುಕೋಳಿ ನವಿಲಿನ ಬಳಗದವು, ಎರಡೂ ಅಲ್ಲಿ ಬಿಟ್ರೆ ಬೇರೆಲ್ಲೂ ಇಲ್ಲ. ಸ್ವಿನ್‌ಹೋ ಗಂಡು ಹೊಳೆಯೋ ಕಡುನೀಲಿ, ತಲೆ ಮೇಲೆ, ಬೆನ್ನ ಮೇಲೆ, ಬಾಲದಲ್ಲಿ ಬಿಳಿ, ಮುಖ ಕಾಲು ಕೆಂಪು. ಇದನ್ನ ಹೊರಗಿನ ಪ್ರಪಂಚಕ್ಕೆ ತೋರಿಸಿದ ರಾಬರ್ಟ್ ಸ್ವಿನ್‌ಹೋ ಹುಟ್ಟಿದ್ದು ನಮ್ಮ ಕಲ್ಕತ್ತೇಲಿ, 1836ರಲ್ಲಿ, ಆಮೇಲೆ ಬ್ರಿಟಿಷರ ಕಾನ್ಸಲ್ ಆಗಿ ತೈವಾನಿಗೆ ಹೋದ, ಆಫೀಸ್ ಕೆಲಸಕ್ಕಿಂತ ಹಕ್ಕಿ ಕೆಲಸಾನೇ ಜಾಸ್ತಿ ಮಾಡಿದ ಅನ್ಸುತ್ತೆ. ಮಿಕಾಡೋ ಕಥೆ ಇನ್ನೂ ಸೊಗಸು. 1906ರಲ್ಲಿ ವಾಲ್ಟರ್ ಗುಡ್‌ಫೆಲೋ ಅನ್ನೋ ಸಂಗ್ರಾಹಕನಿಗೆ ಹಕ್ಕಿ ಸಿಗಲೇ ಇಲ್ಲ, ಬುಡಕಟ್ಟಿನ ಒಬ್ಬನ ತಲೆ ಉಡುಪಿನಲ್ಲಿ ಸಿಕ್ಕಿಸಿದ್ದ ಎರಡು ಬಾಲದ ಗರಿ ಸಿಕ್ವು, ಕಪ್ಪು ಗರಿ ಮೇಲೆ ಬಿಳಿ ಪಟ್ಟೆ, ಆ ಎರಡು ಗರಿ ನೋಡಿಯೇ ಲಂಡನ್ನಲ್ಲಿ ಇದು ಹೊಸ ಜಾತಿ ಅಂತ ಹೆಸರಿಟ್ರು. ಅಂದ್ರೆ ಆ ಬೆಟ್ಟದ ಜನಕ್ಕೆ ಅದು ಹೊಸದೇನಲ್ಲ, ತಲೇಲಿ ಮುಡ್ಕೊಂಡು ಓಡಾಡ್ತಿದ್ರು! ಈಗ ಅದೇ ಹಕ್ಕಿ ಅಲ್ಲಿನ ಸಾವಿರದ ನೋಟಿನ ಮೇಲಿದೆ.

ನನ್ನ ತಕರಾರು ಶುರುವಾಗೋದೇ ಈ ರಸ್ತೇಲಿ. ಒಂದು ಸಲ ನಾವು ಹೋದಾಗ ನಮ್ಮ ದೇಶದವರದೇ ಒಂದು ಗುಂಪಿತ್ತು, ಯಾವ ಕಂಪನಿ ಅಂತ ಬರೆಯಲ್ಲ, ಬರೆದು ಏನಾಗ್ಬೇಕು. ಗೈಡು ಬ್ಲೂಟೂತ್ ಸ್ಪೀಕರ್ ಪೊದೆ ಹತ್ರ ಇಟ್ಟು ಹಕ್ಕಿ ಕೂಗು ಹಾಕಿದ್ದೇ ಹಾಕಿದ್ದು, ಒಂದು ಸ್ಟೀರ್ಸ್ ಲಿಯೋಸಿಕ್ಲಾ, ನಮ್ಮ ಹರಟೆಮಲ್ಲನ ದೂರದ ನೆಂಟ ಅನ್ಕೊಳ್ಳಿ, ತನ್ನ ಜಾಗಕ್ಕೆ ಬೇರೆ ಗಂಡು ಬಂತು ಅಂತ ಗಾಬರಿಯಾಗಿ ಪೊದೆಯಿಂದ ಪೊದೆಗೆ ಹಾರ್ತಾ ಕಿರುಚ್ತಿದೆ, ಇವರು ಟಕಟಕಟಕ ಅಂತ ಫೋಟೋ ತೆಗೀತಿದಾರೆ, ಸಿಕ್ತು ಸಿಕ್ತು ಅಂತ ಖುಷಿ. ಆಮೇಲೆ ಜೋಳದ ಕಾಳು ಎರಚಿ ಫೆಸೆಂಟ್ ಕಾಯೋದು. ಕಾಳು ಎರಚೋ ಅಭ್ಯಾಸ ನಮ್ಮವರೇ ಶುರು ಮಾಡಿದ್ದಲ್ಲ, ಅಲ್ಲಿನ ಫೋಟೋದವರಲ್ಲೂ ಇದೆ, ಅದರ ಬಗ್ಗೆ ಅಲ್ಲೂ ಬೇಕಾದಷ್ಟು ಜಗಳ ಆಗಿದೆ. ಕಾಳಿಗೆ ಒಗ್ಗಿದ ಹಕ್ಕಿ ರಸ್ತೆಗೆ ಬರುತ್ತೆ, ರಸ್ತೇಲಿ ಕಾರ್ ಬರುತ್ತೆ, ಇಷ್ಟು ಅರ್ಥ ಆಗೋಕೆ ವಿಜ್ಞಾನದ ಟೀಚರೇ ಬೇಕಾಗಿಲ್ಲ. ಕಾಳಿಲ್ಲದೇನೂ ಅವು ಬರ್ತವೆ ಸಾರ್, ಬೆಳಗಿನ ಜಾವ, ಇಲ್ಲ ಸಂಜೆ ಮಂಜು ಇಳಿಯೋ ಹೊತ್ತಲ್ಲಿ ಕಾರಿನೊಳಗೇ ಬಾಯಿ ಮುಚ್ಕೊಂಡು ಕೂತ್ರೆ ಬರ್ತವೆ. ಆದ್ರೆ ಟೂರಿನವರಿಗೆ ಟೈಮಿಲ್ಲ, ಎರಡು ಫೆಸೆಂಟ್ ಮುಗಿಸಿ ಸಂಜೆ ಇನ್ನೊಂದು ಬೆಟ್ಟಕ್ಕೆ ಓಡಬೇಕು, ಪಟ್ಟೀಲಿ ಟಿಕ್ ಹಾಕ್ಬೇಕು, ಅಷ್ಟೊಂದು ದುಡ್ಡು ಕೊಟ್ಟು ಬಂದ ಗಿರಾಕಿ ಕೊನೇಲಿ ಕೇಳೋದು ಎಷ್ಟು ಆಯ್ತು ಅಂತಾನೇ.

ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ಓಡೋರು ಬಿಟ್ಟು ಹೋಗೋದು ಯಾವುದು ಗೊತ್ತಾ, ದಕ್ಷಿಣದ ತೈನಾನ್ ಕಡೆಯ ಹೊಲ, ಕೆರೆ, ಮೀನಿನ ಹೊಂಡ. ಹೋದ್ರೂ ಒಂದು ಗಂಟೆ, ದೂರದಿಂದ ಫೋಟೋ, ವ್ಯಾನ್ ಹತ್ತು. ನನ್ನ ಪ್ರಕಾರ ತೈವಾನಿನ ಹಕ್ಕಿ ರಜೇಲಿ ನಾವು ನಿಂತು ನೋಡ್ಬೇಕಾದ್ದೇ ಅಲ್ಲಿ, ಯಾಕಂದ್ರೆ ಅಲ್ಲಿ ಹಕ್ಕಿ ಉಳಿದಿರೋದು ಕಾಡಿನವರಿಂದಲ್ಲ, ರೈತರಿಂದ.

ಗ್ವಾನ್‌ಟಿಯನ್ ಅಂತ ಒಂದು ಊರು, ತೈನಾನ್ ಹತ್ರ. ಅಲ್ಲಿನ ಬೆಳೆ ಸಿಂಗಾಡ, ಕೆರೆ ನೀರಲ್ಲಿ ಬೆಳೆಯೋ ಎರಡು ಕೊಂಬಿನ ಕಪ್ಪು ಕಾಯಿ, ಸೀಸನ್ನಲ್ಲಿ ರಸ್ತೆ ಬದೀಲಿ ಬೇಯಿಸಿ ಮಾರ್ತಾರೆ, ಉಪ್ಪು ಹಾಕಿ ಬೇಯಿಸಿದ ಕಡ್ಲೆಕಾಯಿ ತಿನ್ನೋರಿಗೆ ಇದೂ ಹಿಡಿಸುತ್ತೆ. ಸಿಂಗಾಡದ ಎಲೆ ನೀರ ಮೇಲೆ ಚಾಪೆ ಹಾಸಿರುತ್ತಲ್ಲ, ಅದರ ಮೇಲೆ ಬಾಲದ ದೇವನಕ್ಕಿ ನಡೆದಾಡುತ್ತೆ, ಅಲ್ಲೇ ಮೊಟ್ಟೆ ಇಡುತ್ತೆ. ನಮ್ಮ ತಾವರೆ ಕೆರೆಗಳಲ್ಲೂ ಇರೋ ಹಕ್ಕಿನೇ, ಉದ್ದುದ್ದ ಬೆರಳು, ಮೊಟ್ಟೆಗೆ ಕಾವು ಕೊಡೋದು ಗಂಡು, ಹೆಣ್ಣು ಮೊಟ್ಟೆ ಇಟ್ಟು ಇನ್ನೊಂದು ಗಂಡನ್ನ ಹುಡುಕ್ಕೊಂಡು ಹೋಗುತ್ತೆ, ಕ್ಲಾಸಲ್ಲಿ ಇದನ್ನ ಹೇಳಿದಾಗ ಹುಡುಗೀರು ನಗ್ತಿದ್ದಿದ್ದು ಇನ್ನೂ ನೆನಪಿದೆ. ತೈವಾನಿನಲ್ಲಿ 1990ರ ದಶಕದ ಹೊತ್ತಿಗೆ ಇದು ನೂರರ ಒಳಗೆ ಇಳಿದಿತ್ತು. ಅಂಥಾ ಹೊತ್ತಲ್ಲಿ ಹೈಸ್ಪೀಡ್ ರೈಲು ಬಂತು, ಹಳಿ ಹೋಗ್ಬೇಕಾದ್ದು ಸರಿಯಾಗಿ ಈ ಹಕ್ಕಿ ಇದ್ದ ಕೆರೆ ಕಡೆಗೇ. ರೈಲೂ ನಿಲ್ಲಿಲ್ಲ, ಹಕ್ಕೀನೂ ಬಿಡಲಿಲ್ಲ, ಹತ್ತಿರದಲ್ಲೇ ಸಕ್ಕರೆ ಕಂಪನಿಯ ಸುಮಾರು 15 ಹೆಕ್ಟೇರ್ ಜಮೀನು ಬಾಡಿಗೆಗೆ ತಗೊಂಡು 2000ದಿಂದ ಹೊಂಡ ತೋಡಿ ಗಿಡ ಬೆಳೆಸಿ ಬದಲಿ ಜಾಗ ಮಾಡಿದ್ರು. ಹಕ್ಕಿ ಬಂತು.

ಕಥೆ ಅಲ್ಲಿಗೆ ಮುಗಿದಿದ್ರೆ ಇದು ಸರ್ಕಾರಿ ಬ್ರೋಷರ್ ಆಗ್ತಿತ್ತು. 2009-10ರ ಚಳಿಗಾಲದಲ್ಲಿ ದೇವನಕ್ಕಿಗಳು ಗುಂಪುಗುಂಪಾಗಿ ಸತ್ತು ಬಿದ್ವು. ಸಿಂಗಾಡ ಕಿತ್ತ ಮೇಲೆ ಅದೇ ಗದ್ದೇಲಿ ರೈತರು ಭತ್ತ ನೇರ ಬಿತ್ತನೆ ಮಾಡ್ತಿದ್ರು, ಬಿತ್ತಿದ ಕಾಳನ್ನ ಹಕ್ಕಿ ತಿಂದುಬಿಡುತ್ತೆ ಅಂತ ಕಾಳಿಗೆ ವಿಷ ಹಚ್ಚಿದ್ರು. ರೈತರನ್ನ ಬೈದು ಪ್ರಯೋಜನ ಇಲ್ಲ, ನಮ್ಮಲ್ಲೂ ಬಿತ್ತಿದ ಕಾಳು ಉಳಿಸ್ಕೊಳ್ಳೋಕೆ ಏನೇನು ಮಾಡ್ತಾರೆ ಅಂತ ನೋಡಿದೀವಿ. ಅಲ್ಲಿ ಆಗಿದ್ದೇನು ಅಂದ್ರೆ, ವಿಷ ಹಾಕದೆ ಬೆಳೆದ ಸಿಂಗಾಡಕ್ಕೆ ಒಂದು ಹಸಿರು ಲೇಬಲ್ ಕೊಡೋ ಪದ್ಧತಿ 2010ರಲ್ಲಿ ಬಂತು, ಗೂಡು ಕಟ್ಟಿದ ಹೊಲದವರಿಗೆ ಒಂದಷ್ಟು ಪ್ರೋತ್ಸಾಹ ಧನ, ನೇರ ಬಿತ್ತನೆ ಬಿಟ್ಟು ನಾಟಿ ಮಾಡೋಕೆ ಮಾತುಕತೆ. ಲೇಬಲ್ ಇರೋ ಸಿಂಗಾಡ ಸ್ವಲ್ಪ ದುಬಾರಿ, ಪ್ಯಾಕೆಟ್ ಮೇಲೆ ಹಕ್ಕಿ ಚಿತ್ರ. ಈಗ ಅಲ್ಲಿ ದೇವನಕ್ಕಿ ಲೆಕ್ಕ ಸಾವಿರ ದಾಟಿದೆ. ಸಿಂಗಾಡದ ಸಿಪ್ಪೆ ಸುಟ್ಟು ಇದ್ದಿಲು ಮಾಡಿ ಅದನ್ನೂ ಮಾರ್ತಾರೆ, ನನ್ನ ಮಗಳು ಫ್ರಿಜ್ಜಲ್ಲಿ ವಾಸನೆ ಹೋಗೋಕೆ ಅದನ್ನ ಇಟ್ಟಿದಾಳೆ.

ಅಲ್ಲಿಂದ ಸಮುದ್ರದ ಕಡೆ ಹೋದ್ರೆ ಚಿಗು. ಕಪ್ಪು ಮುಖದ ಚಮಚ ಕೊಕ್ಕಿನ ಹಕ್ಕಿ ಚಳಿಗಾಲ ಕಳೆಯೋಕೆ ಬರೋ ಜಾಗ. ರಂಗನತಿಟ್ಟಲ್ಲಿ ದೋಣೀಲಿ ಕೂತು ನಾವೆಲ್ಲ ನೋಡಿರೋ ಚಮಚ ಕೊಕ್ಕಿನದೇ ಬಳಗ, ಇದಕ್ಕೆ ಮುಖ ಕಪ್ಪು, ಅಷ್ಟೇ ವ್ಯತ್ಯಾಸ ಅನ್ಸುತ್ತೆ ದೂರದಿಂದ, ಆದ್ರೆ ಇದು ಪೂರ್ವ ಏಷ್ಯಾ, ಆಗ್ನೇಯ ಏಷ್ಯಾ ಬಿಟ್ಟು ಆಚೆ ಬರಲ್ಲ. ಮರಿ ಮಾಡೋದು ಹೆಚ್ಚಾಗಿ ಕೊರಿಯಾದ ಪಶ್ಚಿಮ ದಡದ ಕಲ್ಲು ದ್ವೀಪಗಳಲ್ಲಿ, ಎರಡು ಕೊರಿಯಾಗಳ ಸೈನ್ಯ ಎದುರುಬದುರು ಕೂತಿರೋ ಗಡಿ ಹತ್ರ, ಮನುಷ್ಯರು ಓಡಾಡದ ಜಾಗ ಅದು, ಹಾಗಾಗಿ ಹಕ್ಕಿಗೆ ನೆಮ್ಮದಿ. ಅಕ್ಟೋಬರಲ್ಲಿ ತೈವಾನಿಗೆ ಬಂದು ಮಾರ್ಚ್ ಆಚೀಚೆ ವಾಪಸ್. 1990ರ ಸುಮಾರಿಗೆ ಇಡೀ ಪ್ರಪಂಚದಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು ಮುನ್ನೂರರ ಒಳಗೆ. 1992ರಲ್ಲಿ ಚಿಗುವಿನಲ್ಲಿ ಯಾರೋ ಗುಂಡು ಹೊಡೆದು ಕೆಲವನ್ನ ಕೊಂದ್ರು, ದೊಡ್ಡ ಗಲಾಟೆ ಆಯ್ತು. ಅದರ ಹಿಂದೆಯೇ ಅಲ್ಲಿನ ಲಗೂನಲ್ಲಿ, ಅಂದ್ರೆ ಮರಳ ದಿಬ್ಬದ ಹಿಂದಿನ ಉಪ್ಪುನೀರ ಕೆರೇಲಿ, ಉಕ್ಕಿನ ಕಾರ್ಖಾನೆ, ಪೆಟ್ರೋಕೆಮಿಕಲ್ ಕಾರ್ಖಾನೆ ಮಾಡ್ತೀವಿ ಅಂತ ಪ್ಲಾನ್ ಬಂತು, ವರ್ಷಾನುಗಟ್ಟಲೆ ವಿರೋಧ ನಡೆದು ಅದು ಕೊನೆಗೆ ಬಿದ್ದೋಯ್ತು, 2009ರಲ್ಲಿ ಆ ಕಡೆ ತೈಜಿಯಾಂಗ್ ನ್ಯಾಷನಲ್ ಪಾರ್ಕ್ ಆಯ್ತು. ಮಧ್ಯದಲ್ಲಿ 2002-03ರ ಚಳಿಗಾಲದಲ್ಲಿ ಬ್ಯಾಕ್ಟೀರಿಯಾದ ವಿಷದಿಂದ ಬರೋ ಬಾಟುಲಿಸಂ ರೋಗ ಬಂದು 73 ಹಕ್ಕಿ ಸತ್ವು, ಒಟ್ಟು ಸಾವಿರದಷ್ಟೇ ಇದ್ದಾಗ 73 ಅಂದ್ರೆ ಸುಮ್ನೆ ಅಲ್ಲ. ಈಗ ಪ್ರತಿ ಜನವರಿ ಏಳೆಂಟು ದೇಶಗಳ ದಡದಲ್ಲಿ ಒಟ್ಟಿಗೆ ಎಣಿಸ್ತಾರೆ, ಲೆಕ್ಕ ಆರು ಸಾವಿರ ದಾಟಿದೆ, ಅದ್ರಲ್ಲಿ ಅರ್ಧಕ್ಕಿಂತ ಹೆಚ್ಚು ತೈವಾನಿನಲ್ಲೇ.

ನ್ಯಾಷನಲ್ ಪಾರ್ಕಿನ ಶೆಡ್ಡಲ್ಲಿ ವಾಲಂಟಿಯರ್‌ಗಳು ದೊಡ್ಡ ಟೆಲಿಸ್ಕೋಪ್ ಇಟ್ಕೊಂಡು ಬಂದವರಿಗೆಲ್ಲ ತೋರಿಸ್ತಾರೆ, ದೂರದಲ್ಲಿ ಒಂದು ಬಿಳೀ ಗೆರೆ ಕಾಣುತ್ತೆ, ಅಷ್ಟೂ ಹಕ್ಕಿ ತಲೆ ರೆಕ್ಕೆಗೆ ಸಿಕ್ಕಿಸ್ಕೊಂಡು ನಿದ್ದೆ. ಬಹಳ ಜನ ಅಷ್ಟು ನೋಡಿ ನಿರಾಸೆಯಿಂದ ವಾಪಸ್ ಹೋಗ್ತಾರೆ. ಅವು ಮೇಯೋದು ಹೆಚ್ಚಾಗಿ ರಾತ್ರಿ, ಮುಸ್ಸಂಜೆಗೆ ಎದ್ದು ಸುತ್ತಲಿನ ಮೀನಿನ ಹೊಂಡಗಳಿಗೆ ಹೋಗ್ತವೆ. ಆ ಕಡೆ ಮಿಲ್ಕ್‌ಫಿಶ್ ಅನ್ನೋ ಮೀನು ಸಾಕೋದು ಹಳೇ ಕಸುಬು, ಹಳೇ ಪದ್ಧತಿಯ ಹೊಂಡ ಆಳ ಇರಲ್ಲ, ಚಳಿಗಾಲಕ್ಕೆ ಮುಂಚೆ ಮೀನು ಹಿಡಿದು ನೀರು ಬಸಿದು ಹೊಂಡ ಒಣಗಿಸ್ತಾರೆ, ತಳದಲ್ಲಿ ಮೊಣಕಾಲುದ್ದವೂ ಇಲ್ಲದ ನೀರು, ಅದ್ರಲ್ಲಿ ಮಾರೋಕಾಗದ ಸಣ್ಣ ಮೀನು ಸೀಗಡಿ. ಹಕ್ಕಿಗೆ ಬೇಕಾದ್ದೇ ಅದು. ನೀರಿಗಿಳಿದು ಕೊಕ್ಕು ಅರ್ಧ ತೆರ್ಕೊಂಡು ಅಂಬಲಿಗೆ ಸೌಟು ಆಡಿಸಿದ ಹಾಗೆ ಎಡಕ್ಕೂ ಬಲಕ್ಕೂ ತಲೆ ಬೀಸ್ತಾ ಸಾಲಾಗಿ ಮುಂದೆ ಹೋಗ್ತವೆ, ಕೊಕ್ಕಿಗೆ ತಗುಲಿದ್ದನ್ನ ತಟ್ಟಂತ ಹಿಡಿದು ನುಂಗ್ತವೆ. ಆಳದ ಹೊಸಾ ಹೊಂಡ ಮಾಡಿ ವರ್ಷವಿಡೀ ನೀರು ತುಂಬಿಟ್ರೆ ಮೀನು ಹೆಚ್ಚು ಬೆಳೆಯುತ್ತೆ, ಹಕ್ಕಿಗೆ ಕಾಲು ಎಟುಕಲ್ಲ. ಹಾಗಾಗಿ ಹಳೇ ಪದ್ಧತಿ ಬಿಡದವರಿಗೆ, ನೀರು ಇಳಿಸಿ ಹಕ್ಕಿಗೆ ಬಿಟ್ಟವರಿಗೆ ನೆರವು ಕೊಡ್ತಾರೆ, ಅವರ ಮೀನನ್ನ ಚಮಚ ಕೊಕ್ಕಿನ ಹಕ್ಕಿ ಹೆಸರಲ್ಲೇ ಮಾರ್ತಾರೆ. ನಾನು ಮೀನು ತಿನ್ನಲ್ಲ, ಅಳಿಯ ತಿಂದ, ಮುಳ್ಳು ಜಾಸ್ತಿ ಅಂದ.

ಊಟದ ಮಾತು ಬಂತಲ್ಲ ಅಂತ ಒಂದು ಮಾತು, ನಮ್ಮವರು ಹೊರದೇಶ ಅಂದ್ರೆ ಮೊದಲು ಕೇಳೋದು ಅದನ್ನೇ. ತೈವಾನಿನಲ್ಲಿ ಬೌದ್ಧರ ಶಾಕಾಹಾರಿ ಹೋಟೆಲ್ ಸಣ್ಣ ಊರಲ್ಲೂ ಸಿಗುತ್ತೆ, ಅದ್ರಲ್ಲಿ ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕಲ್ಲ, ಮಡಿಯವರೂ ತಿನ್ನಬಹುದು. ಖಾರ ಮಾತ್ರ ಇರಲ್ಲ, ಚಟ್ನಿಪುಡಿ ಒಯ್ಯಿ.

ಅಲ್ಲಿ ಎಲ್ಲ ಸರಿ ಇದೆ ಅಂತ ನಾನು ಹೇಳ್ತಿಲ್ಲ. ಯುನ್‌ಲಿನ್ ಕಡೆ ಹುಬೆನ್ ಅಂತ ಹಳ್ಳಿ, ಏಪ್ರಿಲ್ಲಲ್ಲಿ ಅಲ್ಲಿಗೆ ಫೇರಿ ಪಿಟ್ಟಾ ಬರುತ್ತೆ, ನಮ್ಮ ನವರಂಗದ ಅಕ್ಕನೋ ತಂಗಿನೋ ಅನ್ನೋ ಹಾಗಿರುತ್ತೆ, ಅದೇ ಹಸಿರು ಬೆನ್ನು, ಕೆಂಪು ಹೊಟ್ಟೆ, ಮೋಟು ಬಾಲ. ಜಲ್ಲಿ ಗಣಿಗಾರಿಕೆ ಬರುತ್ತೆ ಅಂತ ಆದಾಗ ಹಳ್ಳಿಯವರು ಈ ಹಕ್ಕಿ ಹೆಸರಲ್ಲೇ ಹೋರಾಡಿದ್ರು. ಆದ್ರೂ ಪಕ್ಕದ ಕಣಿವೇಲಿ ಹುಶಾನ್ ಅಣೆಕಟ್ಟು ಬಂತು, ಪಿಟ್ಟಾ ಇದ್ದ ಕಾಡಿನ ಒಂದು ಭಾಗ ನೀರಲ್ಲಿ ಮುಳುಗ್ತು. ಚಿಗು ಕಡೆ ಈಗ ಮೀನಿನ ಹೊಂಡದ ಮೇಲೆ ಸೋಲಾರ್ ಪ್ಯಾನಲ್ ಹಾಕೋ ವಿಚಾರಕ್ಕೆ ಜಗಳ, ಹೊಂಡದ ಮಾಲೀಕನಿಗೆ ಬಾಡಿಗೆ ಬರುತ್ತೆ, ಹೊಂಡ ಗುತ್ತಿಗೆಗೆ ತಗೊಂಡು ಮೀನು ಸಾಕ್ತಿದ್ದವನಿಗೆ ಕಸುಬು ಹೋಗುತ್ತೆ, ಹಕ್ಕಿಗೆ ಇಳಿಯೋಕೆ ಜಾಗ ಇಲ್ಲ. ಪಾವಗಡದ ಕಡೆಯವರಿಗೆ ಸೋಲಾರ್ ಬಾಡಿಗೆ ಲೆಕ್ಕಾಚಾರ ನಾನು ವಿವರಿಸ್ಬೇಕಾಗಿಲ್ಲ.

ಇಷ್ಟೆಲ್ಲ ಯಾಕೆ ಬರೆದೆ ಅಂದ್ರೆ, ನಾವು ರಜೆಗೆ ಹೋಗಿ ಬೈನಾಕ್ಯುಲರಲ್ಲಿ ನೋಡೋ ಹಕ್ಕೀನ ಯಾರೋ ಒಬ್ಬ ರೈತ ತನ್ನ ಗದ್ದೇಲಿ ಇರೋಕೆ ಬಿಟ್ಟಿರ್ತಾನೆ, ಅವನಿಗೆ ಅದ್ರಿಂದ ನಷ್ಟಾನೂ ಇರುತ್ತೆ. ನಾವು ಕೊಡೋ ದುಡ್ಡು ಏರ್‌ಲೈನ್ಸಿಗೆ, ಟೂರಿನವರಿಗೆ, ಸಿಟಿ ಹೋಟೆಲಿಗೆ ಹೋಗುತ್ತೆ, ಆ ಗದ್ದೆಯವನಿಗೆ ಒಂದು ಪ್ಯಾಕೆಟ್ ಸಿಂಗಾಡದಷ್ಟೂ ಹೋಗಲ್ಲ. ನಮ್ಮೂರ ಪಕ್ಕದ ಕೊಕ್ಕರೆ ಬೆಳ್ಳೂರಲ್ಲಿ ನಾನು ಚಿಕ್ಕಂದಿನಿಂದ ನೋಡಿರೋದೂ ಇದನ್ನೇ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟಿದ ಹುಣಸೇಮರದ ಫಸಲು ಮರದ ಯಜಮಾನನ ಕೈಗೆ ಪೂರ್ತಿ ಬರಲ್ಲ, ಹಿಕ್ಕೆ ವಾಸನೆ ಬೇರೆ, ಆದ್ರೂ ಮನೆ ಹಿತ್ತಲಲ್ಲಿ ಆ ಹಕ್ಕಿ ಬಂದ್ರೆ ಊರಿಗೆ ಒಳ್ಳೇದು ಅಂತ ತಲೆತಲಾಂತರದಿಂದ ಬಿಟ್ಟಿದಾರೆ. ಅರಣ್ಯ ಇಲಾಖೆ ಮರಕ್ಕೆ ಇಷ್ಟು ಅಂತ ಪರಿಹಾರ ಕೊಡೋ ಪದ್ಧತಿ ಇದೆ, 2007ರಲ್ಲಿ ಸಮುದಾಯ ಮೀಸಲು ಅಂತ ಘೋಷಣೆನೂ ಆಯ್ತು. ಬೆಂಗಳೂರಿಂದ ಬರೋ ಕಾರಿನವರು ಮಾತ್ರ ಹೈವೇಲಿ ಮದ್ದೂರು ವಡೆ ತಿಂದು, ಬೆಳ್ಳೂರಲ್ಲಿ ಅರ್ಧ ಗಂಟೆ ಫೋಟೋ ತೆಗೆದು, ಒಂದು ಎಳನೀರೂ ಕುಡೀದೆ ಮೈಸೂರಿಗೆ ಹೋಗ್ತಾರೆ. ಅಲ್ಲಿನ ಹುಣಸೆಹಣ್ಣಿಗೆ ಒಂದು ಹಕ್ಕಿ ಚಿತ್ರದ ಲೇಬಲ್ ಹಾಕಿ ಮಾರಿದ್ರೆ ಯಾರು ಬೇಡ ಅಂತಾರೆ? ಎರಡು ರೂಪಾಯಿ ಜಾಸ್ತಿ ಕೊಟ್ಟು ನಾನಂತೂ ತಗೋತೀನಿ, ಸಾರಿಗೆ ಹೇಗಿದ್ರೂ ಹುಣಸೆ ಬೇಕು.

ಸಂಪಾದಕರೇ, ನಿಮ್ಮ ಪತ್ರಿಕೇಲಿ ಹಕ್ಕಿ ಟೂರಿನ ಜಾಹೀರಾತು ಬರೋಕೆ ಶುರುವಾಗಿದೆ. ಜಾಹೀರಾತು ಬೇಡ ಅನ್ನೋಕೆ ನಾನ್ಯಾರು, ಪತ್ರಿಕೆ ನಡೀಬೇಕಲ್ಲ. ಆದ್ರೆ ಪ್ರವಾಸದ ಪುಟಕ್ಕೆ ಲೇಖನ ಬರೆಯೋರಿಗೆ ಇಷ್ಟು ಹೇಳಿ, ಎಲ್ಲಿ ಉಳಿದ್ರು, ಊಟ ಯಾರ ಮನೇದು, ಗೈಡ್ ಆ ಊರಿನವನಾ, ಸ್ಪೀಕರ್ ಹಾಕಿದ್ರಾ, ಕಾಳು ಎರಚಿದ್ರಾ, ಇದನ್ನೂ ಬರೀರಿ ಅಂತ. ಓದೋರೂ ಬುಕ್ ಮಾಡೋ ಮುಂಚೆ ಟೂರಿನವರನ್ನ ಇದೇ ಕೇಳಿ. ಕೇಳಿದ್ರೆ ಗೈಡ್‌ಗಳು ಸುಧಾರಿಸ್ತಾರೆ, ಅವರೇನು ಕೆಟ್ಟವರಲ್ಲ, ಗಿರಾಕಿ ಕೇಳಿದ್ದನ್ನ ಕೊಡ್ತಿದಾರೆ ಅಷ್ಟೇ.

ಹೋಗೋರಿಗೆ ಉಪಯೋಗ ಆಗ್ಲಿ ಅಂತ ಇನ್ನೆರಡು ಮಾತು. ಚಮಚ ಕೊಕ್ಕಿನ ಹಕ್ಕಿ ನೋಡೋಕೆ ನವೆಂಬರಿಂದ ಫೆಬ್ರವರಿ, ಬೆಟ್ಟದ ಹಕ್ಕಿ ಮತ್ತು ಪಿಟ್ಟಾಗೆ ಏಪ್ರಿಲ್ ಕೊನೆ, ಮೇ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಚಂಡಮಾರುತದ ಕಾಲ, ಬೆಟ್ಟದ ರಸ್ತೆ ಕುಸಿಯುತ್ತೆ, ಆಗ ಬೇಡ. ದೇವನಕ್ಕಿ ಬಾಲ ಬಿಟ್ಕೊಂಡು ಮರಿ ಮಾಡೋದು ಬೇಸಿಗೇಲಿ, ಚಳಿಗಾಲದಲ್ಲಿ ಬಾಲ ಇರಲ್ಲ, ಆದ್ರೆ ಗುಂಪು ದೊಡ್ಡದಿರುತ್ತೆ. ದಾಶುಯೆಶಾನಿಗೆ ಕಾರ್ ಬೇಕೇ ಬೇಕು. ಗ್ವಾನ್‌ಟಿಯನ್‌ಗೆ ಬೇಡ, ತೈನಾನಿಂದ ಲೋಕಲ್ ಟ್ರೈನ್ ಹತ್ತಿ ಲೊಂಗ್‌ಟಿಯನ್ ಸ್ಟೇಷನ್ನಲ್ಲಿ ಇಳ್ಕೊಳ್ಳಿ, ಅಲ್ಲಿಂದ ಟ್ಯಾಕ್ಸಿ. ದೇವನಕ್ಕಿ ಪಾರ್ಕ್ ಅವತ್ತು ತೆಗೆದಿರುತ್ತಾ ಅಂತ ಮೊದ್ಲೇ ಫೋನ್ ಮಾಡಿಸಿ ಕೇಳ್ಕೊಂಡು ಹೋಗಿ, ಭಾಷೆ ಬರದಿದ್ರೆ ಉಳ್ಕೊಂಡ ಮನೆಯವರ ಹತ್ರ ಹೇಳಿದ್ರೆ ಖುಷಿಯಿಂದ ಮಾಡಿಕೊಡ್ತಾರೆ.

ಇಂತಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕಿ,
ಮದ್ದೂರು, ಮಂಡ್ಯ ಜಿಲ್ಲೆ